ದನಿ ಮತ್ತು ನೋಟದ ನೆಲೆ: ಕನ್ನಡ ಕಥನ ಗದ್ಯದ ಓದಿಗೆ ಸಂಬಂಧಿಸಿದ ಕೆಲವು ವಿಚಾರಗಳು

1

ಒಂದು ಗದ್ಯಭಾಗವನ್ನು ಕೊಟ್ಟು ‘ಇಲ್ಲಿ ಲೇಖಕರ ಅಭಿಪ್ರಾಯವೇನು?’ ಎಂದು ಕೇಳುವುದು ತರಗತಿಯಲ್ಲಿಯೂ ವಿಮರ್ಶೆಯಲ್ಲಿಯೂ ಬೇರೂರಿದ ರೂಢಿ. ವೈಚಾರಿಕ ಬರಹಕ್ಕೆ ಈ ಪ್ರಶ್ನೆ ಸಲ್ಲುತ್ತದೆ. ಕತೆ, ಕಾದಂಬರಿಗಳಿಂದ ಆಯ್ದ ಭಾಗಕ್ಕೆ ಇದನ್ನೇ ಹಾಕಿದಾಗ ತೊಡಕು ಉಂಟಾಗುತ್ತದೆ. ಅಲ್ಲಿ ಮಾತನಾಡುತ್ತಿರುವವರು ಯಾರು, ನೋಡುತ್ತಿರುವವರು ಯಾರು, ಮಾತು ಯಾರನ್ನು ಕುರಿತು ಬಂದಿದೆ ಎಂಬುದು ಇತ್ಯರ್ಥವಾಗುವವರೆಗೆ ಅಭಿಪ್ರಾಯವನ್ನು ಯಾರದೆಂದು ಹೇಳುವುದು ಸಾಧ್ಯವಿಲ್ಲ. ಪಾತ್ರದ ಪೂರ್ವಗ್ರಹವನ್ನು ಲೇಖಕನ ಪೂರ್ವಗ್ರಹವೆಂದೂ, ನಿರೂಪಕನ ಸಮಾಧಾನವನ್ನು ಕೃತಿಯ ನಿಲುವೆಂದೂ ತಿಳಿಯುವ ತಪ್ಪು ಹುಟ್ಟುವುದು ಇಲ್ಲಿಯೇ. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಇದೆ. ನಿರೂಪಣೆಯನ್ನು ನಿಷ್ಪಕ್ಷಪಾತವಾದ ವರದಿಯೆಂದು ನಂಬಿ, ಅದರ ವ್ಯಾಕರಣದಲ್ಲಿಯೇ ಹುದುಗಿರುವ ಪಕ್ಷಪಾತವನ್ನು ಕಾಣದೆ ಹೋಗುವುದು.

ದನಿ ಮತ್ತು ದೃಷ್ಟಿಕೋನಗಳು ಓದುಗನು ಊಹಿಸಬೇಕಾದ ಭಾವನೆಗಳಲ್ಲ. ಕನ್ನಡ ವಾಕ್ಯವು ತನ್ನ ಪ್ರತ್ಯಯಗಳಲ್ಲಿ, ಸರ್ವನಾಮಗಳಲ್ಲಿ, ಅವ್ಯಯಗಳಲ್ಲಿ ಅವುಗಳಿಗೆ ಸಾಕ್ಷ್ಯವನ್ನು ಒದಗಿಸುತ್ತದೆ ಎಂಬುದನ್ನು ಕೆಲವು ಕೃತಿಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಪರಿಭಾಷೆಯ ಮಾತು. ಐ.ಎ. ರಿಚರ್ಡ್ಸ್ 1929ರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥದಲ್ಲಿ ಅರ್ಥವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಕೇಳುಗನ ಬಗೆಗೆ ಮಾತುಗಾರನು ತಳೆಯುವ ಧೋರಣೆಗೆ ‘ಟೋನ್’ ಎಂಬ ಹೆಸರನ್ನು ಕೊಟ್ಟನು. ಕನ್ನಡದಲ್ಲಿ ಇದಕ್ಕೆ ‘ಧ್ವನಿ’ ಎಂಬ ಮಾತನ್ನು ಬಳಸಿದರೆ ಆನಂದವರ್ಧನನ ಧ್ವನಿತತ್ತ್ವದೊಡನೆ ಗೊಂದಲವಾಗುತ್ತದೆ. ಧ್ವನಿಯು ವ್ಯಂಗ್ಯಾರ್ಥಕ್ಕೆ ಸಂಬಂಧಿಸಿದ್ದು. ಇಲ್ಲಿ ಪ್ರಸ್ತುತವಾಗಿರುವುದು ಮಾತಿನ ಧಾಟಿ. ಆದುದರಿಂದ ‘ದನಿ’ ಎಂಬ ತದ್ಭವವೇ ಹೆಚ್ಚು ಅನುಕೂಲ.

ಹಾಗೆಂದು ಈ ಪರಿಕಲ್ಪನೆ ಭಾರತೀಯ ಕಾವ್ಯಮೀಮಾಂಸೆಗೆ ಅಪರಿಚಿತವೇನಲ್ಲ. ‘ಕಾವ್ಯಪ್ರಕಾಶ’ದಲ್ಲಿ ಮಮ್ಮಟನು ಅರ್ಥವ್ಯಂಜನೆಗೆ ಕಾರಣವಾಗುವ ಸಂಗತಿಗಳನ್ನು ಎಣಿಸುವಾಗ ವಕ್ತೃ, ಬೋದ್ಧವ್ಯ, ಕಾಕು ಇವುಗಳನ್ನೇ ಮೊದಲಲ್ಲಿ ಇಡುತ್ತಾನೆ. ಹೇಳುವವನು ಯಾರು, ಕೇಳುವವನು ಯಾರು, ಕಂಠದ ಏರಿಳಿತ ಯಾವುದು ಎಂಬುದರ ಮೇಲೆ ಒಂದೇ ವಾಕ್ಯದ ಅರ್ಥ ಬದಲಾಗುತ್ತದೆ. ‘ಬಹಳ ಉಪಕಾರ ಮಾಡಿದಿರಿ’ ಎಂಬುದು ಕೃತಜ್ಞತೆಯೂ ಆಗಬಹುದು, ಕೊಂಕೂ ಆಗಬಹುದು. ಮುದ್ರಿತ ಪುಟದಲ್ಲಿ ಕಂಠವಿಲ್ಲ. ಕಾಕುವನ್ನು ಸುತ್ತಲಿನ ವಾಕ್ಯಗಳಿಂದ ಕಟ್ಟಿಕೊಳ್ಳುವುದೇ ಓದುಗನ ಕೆಲಸ.

ದೃಷ್ಟಿಕೋನದ ವಿಷಯದಲ್ಲಿ ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಮಾಡಿದ ವಿಂಗಡಣೆ ಉಪಯುಕ್ತವಾದುದು. ‘ಯಾರು ಹೇಳುತ್ತಾರೆ’ ಮತ್ತು ‘ಯಾರು ನೋಡುತ್ತಾರೆ’ ಎಂಬವು ಬೇರೆ ಬೇರೆ ಪ್ರಶ್ನೆಗಳು. ಹೇಳುವ ಬಾಯಿ ನಿರೂಪಕನದಾಗಿದ್ದು ನೋಡುವ ಕಣ್ಣು ಪಾತ್ರದ್ದಾಗಿರಬಹುದು. ಈ ಕಣ್ಣು ಇರುವ ಸ್ಥಾನವನ್ನು ಇಲ್ಲಿ ‘ನೋಟದ ನೆಲೆ’ ಎಂದು ಕರೆಯಲಾಗಿದೆ.

3

ಕನ್ನಡ ಭಾಷೆ ಈ ಎರಡನ್ನೂ ಗುರುತಿಸಲು ನೀಡುವ ಸಾಧನಗಳಲ್ಲಿ ಮೂರನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು ಆತ್ಮಾರ್ಥಕ ಸರ್ವನಾಮವಾದ ‘ತಾನು’. ‘ಅವನು ತಪ್ಪು ಮಾಡಿಲ್ಲವೆಂದು ರಾಮ ಹೇಳಿದ’ ಎಂಬಲ್ಲಿ ‘ಅವನು’ ಬೇರೊಬ್ಬನೂ ಆಗಬಹುದು. ‘ತಾನು ತಪ್ಪು ಮಾಡಿಲ್ಲವೆಂದು ರಾಮ ಹೇಳಿದ’ ಎಂದಾಗ ವಾಕ್ಯ ರಾಮನ ಮನಸ್ಸಿನೊಳಗಿನಿಂದ ಹೊರಡುತ್ತದೆ. ಪ್ರಥಮ ಪುರುಷದ ನಿರೂಪಣೆಯ ನಡುವೆ ‘ತಾನು’, ‘ತನ್ನ’ ಕಾಣಿಸಿಕೊಂಡ ಕಡೆ ನೋಟದ ನೆಲೆ ನಿರೂಪಕನಿಂದ ಪಾತ್ರಕ್ಕೆ ಸರಿದಿರುವ ಸಾಧ್ಯತೆಯನ್ನು ಪರೀಕ್ಷಿಸಬೇಕು.

ಎರಡನೆಯದು ‘ಅಂತೆ’. ‘ಅವಳು ಊರು ಬಿಟ್ಟಳು’ ಎಂಬುದು ಹೇಳುವವನ ಹೊಣೆ. ‘ಅವಳು ಊರು ಬಿಟ್ಟಳಂತೆ’ ಎಂಬುದು ಊರಿನವರ ಹೊಣೆ. ಒಂದು ಪ್ರತ್ಯಯದಿಂದ ಮಾತಿನ ಒಡೆತನವೇ ಕೈ ಬದಲಾಯಿಸುತ್ತದೆ. ಈ ‘ಅಂತೆ’ಯಲ್ಲಿ ಅಪನಂಬಿಕೆಯ ಛಾಯೆ ಇದೆಯೇ, ಬರಿಯ ವರದಿಯೇ ಎಂಬುದು ಸಂದರ್ಭದಿಂದ ತಿಳಿಯಬೇಕಾದ ವಿಷಯ.

ಮೂರನೆಯದೂ ಅತ್ಯಂತ ಮಹತ್ವದ್ದೂ ಆದದ್ದು ಏಕವಚನ ಮತ್ತು ಗೌರವ ಬಹುವಚನ. ‘ಯಜಮಾನರು ಜಗಲಿಗೆ ಬಂದರು. ಮಾದ ಅಂಗಳದಲ್ಲಿ ನಿಂತಿದ್ದ.’ ಈ ಎರಡು ವಾಕ್ಯಗಳಲ್ಲಿ ಒಂದೂ ವಿಶೇಷಣವಿಲ್ಲ. ಮೆಚ್ಚುಗೆಯಾಗಲಿ ತಿರಸ್ಕಾರವಾಗಲಿ ವಾಚ್ಯವಾಗಿಲ್ಲ. ಆದರೂ ನಿರೂಪಕನು ಯಾವ ಸಮಾಜದ ಮರ್ಯಾದೆಯನ್ನು ಒಪ್ಪಿ ಮಾತನಾಡುತ್ತಿದ್ದಾನೆ ಎಂಬುದು ‘ಬಂದರು’, ‘ನಿಂತಿದ್ದ’ ಎಂಬ ಕ್ರಿಯಾಪದಗಳಲ್ಲಿಯೇ ಪ್ರಕಟವಾಗಿದೆ. ‘ಬಂದರು’ ಎಂಬ ಕ್ರಿಯಾಪದ ಅವನ ಕಣ್ಣು ಜಗಲಿಯ ಹತ್ತಿರದಲ್ಲಿರುವುದನ್ನೂ ಸೂಚಿಸುತ್ತದೆ. ಒಳಮನೆಯಿಂದ ನೋಡುವವರಿಗೆ ಯಜಮಾನರು ಜಗಲಿಗೆ ‘ಹೋದರು’. ಇಂಗ್ಲಿಷಿಗೆ ಅನುವಾದಿಸಿದೊಡನೆ ಇಬ್ಬರಿಗೂ ಒಂದೇ ಸರ್ವನಾಮ ದೊರೆತು ಈ ಸಾಮಾಜಿಕ ಅಂತರ ವ್ಯಾಕರಣದಿಂದ ಮಾಯವಾಗುತ್ತದೆ. ಪಾಶ್ಚಾತ್ಯ ಕಥನಶಾಸ್ತ್ರದ ಪರಿಭಾಷೆಯನ್ನು ಮಾತ್ರ ಹಿಡಿದು ಕನ್ನಡ ಕಾದಂಬರಿಯನ್ನು ಓದಿದರೆ ಈ ಅಂಶ ಕೈತಪ್ಪುವುದು ಆ ಕಾರಣದಿಂದಲೇ.

4

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ದೃಷ್ಟಿಯಿಂದ ಮರುಪರಿಶೀಲನೆಗೆ ಯೋಗ್ಯವಾದ ಕೃತಿ. ಕಾದಂಬರಿಯೂ ಅದನ್ನು ಆಧರಿಸಿದ 1970ರ ಚಲನಚಿತ್ರವೂ ಒಂದು ಸಮುದಾಯದ ನಿಂದೆಯೆಂಬ ಆಕ್ಷೇಪಕ್ಕೆ ಗುರಿಯಾದವು. ಆದರೆ ಅಗ್ರಹಾರದವರ ಆಸೆಬುರುಕುತನವನ್ನು ಕೃತಿಯು ಹೊರಗಿನಿಂದ ತೀರ್ಪಾಗಿ ಸಾರುವುದಿಲ್ಲ. ನಾರಣಪ್ಪನ ಶವಸಂಸ್ಕಾರಕ್ಕೆಂದು ಚಂದ್ರಿ ತನ್ನ ಒಡವೆಗಳನ್ನು ಇಟ್ಟಾಗ, ಆ ಚಿನ್ನದ ಬಗೆಗಿನ ಲೆಕ್ಕಾಚಾರವನ್ನು ನಡೆಸುವುದು ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಮನೆಗಳ ಮನಸ್ಸುಗಳೇ. ಅವರ ಯೋಚನೆ ಅವರದೇ ಮಾತಿನ ಲಯದಲ್ಲಿ ನಿರೂಪಣೆಯೊಳಕ್ಕೆ ಹರಿಯುತ್ತದೆ. ಹಾಗೆಯೇ ದುರ್ಗಾಭಟ್ಟನು ಚಂದ್ರಿಯನ್ನು ರವಿವರ್ಮನ ಮತ್ಸ್ಯಗಂಧಿಯ ಚಿತ್ರಕ್ಕೆ ಹೋಲಿಸಿಕೊಂಡು ನೋಡುವ ಭಾಗದಲ್ಲಿ ಆ ರಸಿಕತೆ ಅವನ ಕಣ್ಣಿಗೆ ಸೇರಿದ್ದು. ಈ ಭಾಗವನ್ನು ಲೇಖಕನ ಸ್ತ್ರೀವರ್ಣನೆಯೆಂದು ಓದುವವರು ನೋಟದ ನೆಲೆಯನ್ನು ತಪ್ಪಾಗಿ ಗುರುತಿಸುತ್ತಾರೆ.

ಇಷ್ಟರಿಂದ ಲೇಖಕನ ನಿಲುವು ಪ್ರಶ್ನಾತೀತವಾಯಿತೆಂದು ಭಾವಿಸಬೇಕಾಗಿಲ್ಲ. ಇಲ್ಲಿಯೇ ವಚನದ ಸಾಕ್ಷ್ಯ ಮುಖ್ಯವಾಗುತ್ತದೆ. ನಿರೂಪಕನಿಗೆ ಪ್ರಾಣೇಶಾಚಾರ್ಯರು ಬಹುವಚನದ ವ್ಯಕ್ತಿ. ಚಂದ್ರಿ ಮತ್ತು ಬೆಳ್ಳಿ ಏಕವಚನದವರು. ಅಗ್ರಹಾರದ ಮರ್ಯಾದೆಯನ್ನು ವಿಮರ್ಶಿಸುವ ಕೃತಿಯ ನಿರೂಪಣೆ ಅದೇ ಮರ್ಯಾದೆಯ ಭಾಷೆಯಲ್ಲಿ ನಡೆಯುತ್ತದೆ. ಆಚಾರ್ಯರ ಅಂತರಂಗಕ್ಕೆ ಪುಟಗಟ್ಟಲೆ ಅವಕಾಶವಿದ್ದು ಮೂರನೆಯ ಭಾಗದಲ್ಲಿ ಅದು ‘ನಾನು’ ಎಂಬ ನೇರ ಮಾತಿಗೂ ಏರುತ್ತದೆ. ಚಂದ್ರಿಯ ಅಂತರಂಗಕ್ಕೆ ದೊರೆಯುವ ಅವಕಾಶ ಅದಕ್ಕೆ ಹೋಲಿಸಿದರೆ ಅತ್ಯಲ್ಪ. ಬೆಳ್ಳಿಯ ಮಾತನ್ನು ಶ್ರೀಪತಿ ಕಿವಿಗೊಟ್ಟು ಕೇಳುವುದಿಲ್ಲ. ಅವಳ ಕೇರಿಯಲ್ಲಿ ಸಂಭವಿಸುವ ಸಾವುಗಳು ಅಗ್ರಹಾರದ ಅರಿವಿಗೆ ಬರುವುದಿಲ್ಲ. ಶ್ರೀಪತಿಯ ಕಿವುಡುತನವನ್ನು ಕೃತಿ ವ್ಯಂಗ್ಯದಿಂದ ತೋರಿಸುತ್ತದೆಯೋ, ಅಥವಾ ಅದರಲ್ಲಿ ಭಾಗಶಃ ಪಾಲ್ಗೊಳ್ಳುತ್ತದೆಯೋ ಎಂಬುದು ವಾದಕ್ಕೆ ಯೋಗ್ಯವಾದ ಪ್ರಶ್ನೆ. ದನಿ ಮತ್ತು ನೋಟಗಳನ್ನು ಬೇರ್ಪಡಿಸಿದ ಬಳಿಕವೇ ಆ ಪ್ರಶ್ನೆಯನ್ನು ನ್ಯಾಯವಾಗಿ ಕೇಳಲು ಬರುತ್ತದೆ.

5

ಉತ್ತಮ ಪುರುಷದ ನಿರೂಪಣೆಯಲ್ಲಿ ಸಮಸ್ಯೆ ಇನ್ನೊಂದು ರೂಪವನ್ನು ತಾಳುತ್ತದೆ. ಮಾಸ್ತಿಯವರ ‘ರಂಗನ ಮದುವೆ’ ಕತೆಯನ್ನು ಹೇಳುವ ಶ್ಯಾಮ ಮಾತಿನ ಮಲ್ಲ. ತನ್ನ ಹೊಸಹಳ್ಳಿ ಭೂಪಟದಲ್ಲಿ ಇಲ್ಲದ್ದನ್ನು ಹೇಳುವಾಗಲೂ, ಅಲ್ಲಿನ ಮಾವಿನಕಾಯಿಯ ಹುಳಿಯನ್ನು ಹೊಗಳುವಾಗಲೂ ಅವನದು ಕೇಳುಗನನ್ನು ಜಗಲಿಯ ಮೇಲೆ ಕೂರಿಸಿಕೊಂಡ ದನಿ. ಇಂಗ್ಲಿಷ್ ಓದಿ ಬಂದ ರಂಗನಿಗೆ 11 ವರ್ಷದ ರತ್ನಳೊಡನೆ ಮದುವೆಯಾಗುವಂತೆ ಶಾಸ್ತ್ರಿಯೊಡನೆ ಸೇರಿ ಉಪಾಯ ಹೂಡುವವನೂ ಅವನೇ. ಇಂದಿನ ತರಗತಿಯಲ್ಲಿ ಈ ಕತೆಯನ್ನು ಬಾಲ್ಯವಿವಾಹದ ಸಮರ್ಥನೆಯೆಂದು ತಳ್ಳಿಹಾಕುವುದು ಸುಲಭ. ಕೇವಲ ಹಾಸ್ಯವೆಂದು ನಕ್ಕು ಬಿಡುವುದೂ ಅಷ್ಟೇ ಸುಲಭ. ತನ್ನ ಕೈವಾಡವನ್ನು ಅಡಗಿಸದೆ ತಾನೇ ಹೇಳಿಕೊಳ್ಳುವ ನಿರೂಪಕನು ಜ್ಯೋತಿಷ್ಯದ ಪ್ರಾಮಾಣ್ಯವನ್ನು ಓದುಗನೆದುರು ಬಯಲು ಮಾಡುತ್ತಾನೆ. ಅದೇ ಹೊತ್ತಿಗೆ ರತ್ನಳ ಇಚ್ಛೆಯನ್ನು ಕೇಳುವ ಗೋಜಿಗೆ ಕತೆ ಹೋಗುವುದಿಲ್ಲ. ಆ ಆತ್ಮೀಯ ದನಿ ಏನನ್ನು ಬೆಳಗುತ್ತದೆ, ಏನನ್ನು ಮರೆಮಾಡುತ್ತದೆ ಎಂಬ ಎರಡನ್ನೂ ಓದು ಒಳಗೊಳ್ಳಬೇಕು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ನಿರೂಪಕನ ನೋಟವೇ ತಿದ್ದುಪಡಿಗೆ ಒಳಗಾಗುತ್ತದೆ. ನಿರೂಪಕನಿಗೆ ಪೆದ್ದನಂತೆ ಕಂಡ ಮಂದಣ್ಣ ವಿಜ್ಞಾನಿ ಕರ್ವಾಲೊಗೆ ಹುಟ್ಟು ನಿಸರ್ಗತಜ್ಞನಾಗಿ ಕಾಣುತ್ತಾನೆ. ಆರಂಭದ ಭಾಗಗಳ ಲೇವಡಿಯ ದನಿಯನ್ನು ಕೃತಿಯ ಅಂತಿಮ ನಿಲುವೆಂದು ತಿಳಿದವನು ಕಾದಂಬರಿಯ ಹೃದಯವನ್ನೇ ಕಳೆದುಕೊಳ್ಳುತ್ತಾನೆ. ಬಿಡಿ ಗದ್ಯಭಾಗವನ್ನು ಕಿತ್ತುಕೊಟ್ಟು ಪ್ರಶ್ನೆ ಕೇಳುವ ಪದ್ಧತಿಯ ಮಿತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕೃತಿಯಲ್ಲಿ ತಿದ್ದುವ ಎರಡನೆಯ ಕಣ್ಣು ನಿರೂಪಣೆಯ ಅಂಚಿನಲ್ಲಿ ಮಾತ್ರ ಇದೆ. ಹೆಸರಿಲ್ಲದ ನಿರೂಪಕನು ತನ್ನ ಮನೆಯ ಕತೆಯನ್ನು ಶಾಂತವಾಗಿ ಹೇಳುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಓಡಿಸುವಾಗ ಅವನು ಏನನ್ನೂ ಮಾಡುವುದಿಲ್ಲ. ಹೆಂಡತಿ ಅನಿತಾಳ ಆಕ್ಷೇಪಗಳು ಅವನ ಬಾಯಿಂದಲೇ ಕೇಳಿಬರುವುದರಿಂದ ಓದುಗನು ಅವುಗಳನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸಬೇಕಾಗುತ್ತದೆ. ಇಲ್ಲಿ ‘ನಾವು’ ಎಂಬ ಸರ್ವನಾಮ ಕುಟುಂಬದ ಒಗ್ಗಟ್ಟನ್ನು ಸೂಚಿಸುತ್ತಲೇ ವ್ಯಕ್ತಿಯ ಹೊಣೆಗಾರಿಕೆಯನ್ನು ಕರಗಿಸುತ್ತದೆ. ಸಂಗತಿಯ ಕ್ರೌರ್ಯಕ್ಕೂ ದನಿಯ ಸಮಾಧಾನಕ್ಕೂ ನಡುವಿನ ಅಂತರವೇ ಕೃತಿಯ ಅರ್ಥ. ವೇಯ್ನ್ ಬೂತ್ 1961ರಲ್ಲಿ ಪ್ರತಿಪಾದಿಸಿದ ‘ನಂಬಲರ್ಹನಲ್ಲದ ನಿರೂಪಕ’ನ ಕಲ್ಪನೆ ಈ ಕೃತಿಗೆ ಸಲ್ಲುತ್ತದೆಯಾದರೂ, ಆ ‘ನಾವು’ವಿನ ವ್ಯಾಪ್ತಿಯನ್ನು ಅಳೆಯಲು ಅವಿಭಕ್ತ ಕುಟುಂಬದ ಮಾತಿನ ರೀತಿಯ ಪರಿಚಯ ಬೇಕು.

6

ಮೇಲಿನ ಕೃತಿಗಳಲ್ಲಿ ಒಂದು ಸಮಾನ ಅಂಶವಿದೆ. ನಿರೂಪಣೆಯ ಭಾಷೆ ಅಲ್ಲೆಲ್ಲ ಬಹುಮಟ್ಟಿಗೆ ಶಿಷ್ಟ ಕನ್ನಡ. ಕನ್ನಡ ಕಾದಂಬರಿಯ ಸಾಮಾನ್ಯ ಪದ್ಧತಿಯಲ್ಲಿ ನಿರೂಪಕನು ಶಿಷ್ಟದಲ್ಲಿ ವಿವರಿಸುತ್ತಾನೆ, ಪಾತ್ರ ಆಡುಮಾತಿನಲ್ಲಿ ಉತ್ತರಿಸುತ್ತದೆ. ಈ ಹಂಚಿಕೆಯಿಂದ ತಿಳಿಯುವವನು ಒಬ್ಬ, ತಿಳಿಯಲ್ಪಡುವವನು ಇನ್ನೊಬ್ಬ ಎಂಬ ಶ್ರೇಣಿ ತಾನಾಗಿಯೇ ಏರ್ಪಡುತ್ತದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಈ ಹಂಚಿಕೆಯನ್ನು ಒಪ್ಪುವುದಿಲ್ಲ. ನಂಜನಗೂಡು ಸೀಮೆಯ ಆಡುನುಡಿಯೇ ಅಲ್ಲಿ ನಿರೂಪಣೆಯ ನುಡಿ. ಜೋತಮ್ಮಗಳು ರಾತ್ರಿ ಸೇರಿ ಮಾತನಾಡುತ್ತವೆ, ಮಂಚವೂ ಕತೆ ಹೇಳುತ್ತದೆ. ನೋಟದ ನೆಲೆ ಒಬ್ಬ ಶಿಷ್ಟ ನಿರೂಪಕನಲ್ಲಿ ನಿಲ್ಲದೆ ಸಮುದಾಯದ ಸ್ಮೃತಿಯಲ್ಲಿ ಚಲಿಸುತ್ತದೆ.

ಪ್ರಕಟವಾದಾಗ ಈ ಕೃತಿಯ ಬಗೆಗೆ ಕೇಳಿಬಂದ ‘ಅರ್ಥವಾಗುವುದಿಲ್ಲ’ ಎಂಬ ದೂರನ್ನು ಕೇವಲ ಶಬ್ದಾರ್ಥದ ತೊಂದರೆಯೆಂದು ಎಣಿಸಲಾಗದು. ವಿವರಿಸಿ ಹೇಳುವ ಶಿಷ್ಟ ದನಿಯ ಆಸರೆ ತಪ್ಪಿದ್ದೂ ಆ ಕಷ್ಟಕ್ಕೆ ಕಾರಣ. ಎಲ್. ಬಸವರಾಜು ಅವರು ಈ ಗದ್ಯವನ್ನು ಪದ್ಯದಂತೆ ಸಾಲುಗಳಾಗಿ ಒಡೆದು ಜೋಡಿಸಿದ್ದು ಇಲ್ಲಿ ಸ್ಮರಣೀಯ. ಕಣ್ಣಿಗೆ ಒಗ್ಗದ್ದನ್ನು ಕಿವಿಗೆ ಒಪ್ಪಿಸುವ ಆ ಪ್ರಯತ್ನ ಮುದ್ರಿತ ಪುಟದಲ್ಲಿ ಕಾಕುವನ್ನು ಮರಳಿ ಪಡೆಯುವ ಒಂದು ವಿಧಾನವೇ ಆಗಿದೆ.

7

ಈ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕಥನದ ಯಾವುದೇ ಭಾಗವನ್ನು ಓದುವಾಗ ಹೇಳುವವರು ಯಾರು, ನೋಡುವವರು ಯಾರು ಎಂಬುದನ್ನು ಬೇರೆ ಬೇರೆಯಾಗಿ ಕೇಳಬೇಕು. ‘ತಾನು’, ‘ಅಂತೆ’, ವಚನ, ‘ಬಂದ–ಹೋದ’ಗಳ ದಿಕ್ಕು ಇವುಗಳಿಂದ ಉತ್ತರಕ್ಕೆ ಆಧಾರವನ್ನು ಒದಗಿಸಬೇಕು. ದನಿಯು ಸಂಗತಿಗೆ ಹೊಂದಿಕೊಂಡಿದೆಯೇ, ಅದರಿಂದ ದೂರ ಸರಿದಿದೆಯೇ ಎಂದು ನೋಡಬೇಕು. ಲೇಖಕನ ನಿಲುವನ್ನು ಕುರಿತ ಪ್ರಶ್ನೆ ಬರಬೇಕಾದುದು ಇಷ್ಟಾದ ಮೇಲೆ, ಅದೂ ಇಡೀ ಕೃತಿಯನ್ನು ಮುಂದಿಟ್ಟುಕೊಂಡು.

ಈ ಕ್ರಮ ಲೇಖಕನನ್ನು ಆಕ್ಷೇಪದಿಂದ ಪಾರುಮಾಡುವ ಉಪಾಯವಲ್ಲ. ಪಾತ್ರದ ಮಾತಿಗೆ ಲೇಖಕನನ್ನು ಹೊಣೆ ಮಾಡುವುದು ಅನ್ಯಾಯವಾದರೆ, ನಿರೂಪಣೆಯ ಕ್ರಿಯಾಪದಗಳಲ್ಲಿ ಯಾರು ‘ಬಂದರು’, ಯಾರು ‘ನಿಂತಿದ್ದ’ ಎಂಬುದರ ಹೊಣೆಯಿಂದ ಅವನನ್ನು ಬಿಡುವುದೂ ಅಷ್ಟೇ ಅನ್ಯಾಯ. ಮೊದಲನೆಯದನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಜಗಳ ನಡೆದಿದೆ. ಎರಡನೆಯದನ್ನು ಕುರಿತು ವಾಕ್ಯವಾಕ್ಯವಾಗಿ ನಡೆಯಬೇಕಾದ ಸಂಶೋಧನೆ ಇನ್ನೂ ಬಹಳವಿದೆ.