ತೊಟ್ಟಿಲು ಜಾಲಾಡುವವರು

ಅಮೆರಿಕದ ಸರಣಿ ಹಂತಕ ಟೆಡ್ ಬಂಡಿಯ ಬಗ್ಗೆ ಆನ್ ರೂಲ್ ಬರೆದ ‘ದಿ ಸ್ಟ್ರೇಂಜರ್ ಬಿಸೈಡ್ ಮಿ’ (1980) ಬರೀ ಗೆಳತಿಯೊಬ್ಬಳ ದಿನಚರಿ, ಕೊಲೆಗಾರನ ಮನಸ್ಸಿನ ಆಳಕ್ಕೆ ಅದು ಇಳಿಯುವುದೇ ಇಲ್ಲ ಎಂಬ ತೀರ್ಪು ಕೇಳಿ ಕೇಳಿ ಸಾಕಾಗಿದೆ. ಆಳ ಅಂದರೆ ಏನಪ್ಪಾ ಅಂದರೆ, ಬಾಲ್ಯವಂತೆ. ‘ಸೈಕೋ’ ಚಿತ್ರದ ಕೊನೆಯಲ್ಲಿ ಮನೋವೈದ್ಯನೊಬ್ಬ ಬಂದು ಹಂತಕ ನಾರ್ಮನ್ ಬೇಟ್ಸನ ತಾಯಿಯ ಕಥೆಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾನಲ್ಲ, ಹಂತಕರ ಬಗ್ಗೆ ಬರೆಯುವವರಲ್ಲಿ ಮುಕ್ಕಾಲು ಪಾಲು ಇವತ್ತಿಗೂ ಅವನ ಶಿಷ್ಯರೇ. ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು ಎಂಬ ಮೂರು ಲಕ್ಷಣಗಳನ್ನು ಇವರು ಪಂಚಾಂಗದಂತೆ ತೆರೆದಿಟ್ಟುಕೊಂಡಿರುತ್ತಾರೆ. 1963ರಲ್ಲಿ ಮನೋವೈದ್ಯ ಮ್ಯಾಕ್‌ಡೊನಾಲ್ಡ್ ಅದನ್ನು ಬರೆದಾಗ ಅವನ ಮುಂದಿದ್ದ ನೂರು ರೋಗಿಗಳು ಕೊಲ್ಲುತ್ತೇವೆಂದು ಬೆದರಿಕೆ ಹಾಕಿದವರು, ಸರಣಿ ಹಂತಕರಲ್ಲ. ಅದು ಯಾರಿಗೆ ಬೇಕು!

ಟೆಡ್ ಬಂಡಿಯ ಬಾಲ್ಯವಂತೂ ಇವರಿಗೆ ಸುಗ್ಗಿ. 1946ರಲ್ಲಿ ಮದುವೆಯಾಗದ ತಾಯಿಗೆ, ಬರ್ಲಿಂಗ್ಟನ್‌ನ ಆಶ್ರಮವೊಂದರಲ್ಲಿ ಹುಟ್ಟಿದವನು. ಅಜ್ಜ ಅಜ್ಜಿಯನ್ನೇ ಅಪ್ಪ ಅಮ್ಮ ಎಂದೂ ಹೆತ್ತವಳನ್ನು ಅಕ್ಕ ಎಂದೂ ನಂಬಿಸಿ ಬೆಳೆಸಿದರು. ಮೂರು ವರ್ಷದ ಮಗು, ಮಲಗಿದ್ದ ಚಿಕ್ಕಮ್ಮನ ಸುತ್ತ ಅಡುಗೆಮನೆಯ ಚಾಕು ಜೋಡಿಸಿ ನಗುತ್ತಾ ನಿಂತಿತ್ತಂತೆ. ಆ ಚಾಕುಗಳು ಬರದ ಪುಸ್ತಕವಿಲ್ಲ. ಹೆತ್ತವಳನ್ನು ಅಕ್ಕ ಎಂದು ಕರೆದು ಬೆಳೆದವರು ನಮ್ಮ ಕೂಡುಕುಟುಂಬಗಳಲ್ಲೂ ಇದ್ದಾರೆ. ಹೆಚ್ಚೆಂದರೆ ಆಸ್ತಿ ಪಾಲಿನ ಹೊತ್ತಿಗೆ ಜಗಳ ತೆಗೆದಾರು.

ಇನ್ನೊಂದು ವಿಷಯವನ್ನು ಇವರು ನುಂಗಿಬಿಡುತ್ತಾರೆ: ಬಂಡಿ ಸ್ವತಃ ಸೈಕಾಲಜಿ ಪದವೀಧರ. ಯಾರಿಗೆ ಯಾವ ವಿವರಣೆ ರುಚಿಸುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪತ್ರಕರ್ತರಾದ ಮಿಶೋ ಮತ್ತು ಐನ್ಸ್‌ವರ್ತ್ ಎದುರು, ‘ಅಂಥವನೊಬ್ಬ’ ಎಂದು ಬೇರೆ ಯಾರದೋ ಕಥೆ ಹೇಳುವವನಂತೆ ಸಿದ್ಧಾಂತ ಹೆಣೆದ. 1989ರ ಜನವರಿ 24ರಂದು ಅವನನ್ನು ವಿದ್ಯುತ್ ಕುರ್ಚಿಗೆ ಏರಿಸಿದರು. ಹಿಂದಿನ ದಿನ ಧರ್ಮಬೋಧಕ ಧಾಟಿಯ ಮನಶ್ಶಾಸ್ತ್ರಜ್ಞ ಡಾಬ್ಸನ್ ಸಂದರ್ಶನಕ್ಕೆ ಬಂದಾಗ ತಪ್ಪನ್ನೆಲ್ಲ ಅಶ್ಲೀಲ ಪುಸ್ತಕಗಳ ತಲೆಗೆ ಕಟ್ಟಿದ್ದ. ಬಂದವರಿಗೆಲ್ಲ ಅವರವರು ತಂದ ಪಾತ್ರೆಯ ತುಂಬ ಬಡಿಸಿ ಕಳಿಸಿದ.

ಆನ್ ರೂಲ್ ಪಾತ್ರೆ ತಂದಿರಲಿಲ್ಲ. ಅದಕ್ಕೇ ನನಗೆ ಅವಳು ಇಷ್ಟ. ಭಾಷೆ ಸಪ್ಪೆ ಎನ್ನುವವರಿದ್ದಾರೆ, ಇರಲಿ. ಸಾಕ್ಷಿ ಹೇಳುವವಳಿಗೆ ಅಲಂಕಾರ ಯಾಕೆ? 1971ರಲ್ಲಿ ಸಿಯಾಟಲ್‌ನ ಒಂದು ಸಹಾಯವಾಣಿಯಲ್ಲಿ, ಆತ್ಮಹತ್ಯೆಗೆ ಹೊರಟವರನ್ನು ಫೋನಿನಲ್ಲಿ ಸಮಾಧಾನಪಡಿಸುತ್ತ, ಅವಳೂ ಬಂಡಿಯೂ ಪಕ್ಕಪಕ್ಕ ರಾತ್ರಿ ಪಾಳಿ ಮಾಡಿದರು. ಪಾಳಿ ಮುಗಿದ ಮೇಲೆ ಅವನು ಅವಳನ್ನು ಕಾರಿನವರೆಗೆ ಬಿಟ್ಟು, ಬಾಗಿಲು ಲಾಕ್ ಮಾಡಿಕೊಳ್ಳಿ ಎನ್ನುತ್ತಿದ್ದ. ಅವಳು ಮಾಜಿ ಪೊಲೀಸ್. ಆದರೂ, ತಾನು ಚಿಕ್ಕವಳಾಗಿದ್ದರೆ, ಇಲ್ಲವೇ ಹೆಣ್ಣುಮಕ್ಕಳು ಬೆಳೆದಿದ್ದರೆ, ಇಂಥ ಗಂಡು ಸಿಗಬೇಕೆಂದುಕೊಂಡಿದ್ದಳು. ಅದನ್ನು ಮುಚ್ಚಿಡದೆ ಬರೆದಳು. ಇಬ್ಬಗೆಯ ಬದುಕು ಒಬ್ಬನ ತಲೆಯೊಳಗೇ ನಡೆಯುವ ಆಟವಲ್ಲ. ಆ ಎರಡನೆಯ ಮುಖಕ್ಕೆ ಕನ್ನಡಿ ಹಿಡಿದು ನಿಂತವರು ಬೇಕು. ಅವರಲ್ಲಿ ತಾನೂ ಒಬ್ಬಳು ಎಂದಳಲ್ಲ, ಇದಕ್ಕಿಂತ ಆಳ ಇನ್ನೆಲ್ಲಿದೆ?

ಬಂಡಿಗೆ ಮರಣದಂಡನೆ ವಿಧಿಸಿದ ನ್ಯಾಯಾಧೀಶ ಕವಾರ್ಟ್ ಕೂಡ ಆ ಕನ್ನಡಿ ಹಿಡಿದವನೇ: ನೀನು ಒಳ್ಳೆಯ ವಕೀಲನಾಗುತ್ತಿದ್ದೆ ಎಂದು ಮರುಗಿದ. ತೀರ್ಪಿನ ದಿನವೂ ಹುಡುಗ ಬುದ್ಧಿವಂತನೇ!

ನಮ್ಮಲ್ಲೇನು ಕಡಿಮೆ? ದಕ್ಷಿಣ ಕನ್ನಡದ ಸಯನೈಡ್ ಮೋಹನ್ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ಇಪ್ಪತ್ತು ಹೆಣ್ಣುಮಕ್ಕಳ ಕೊಲೆಯ ಮೊಕದ್ದಮೆ. 2009ರಲ್ಲಿ ಅವನು ಸಿಕ್ಕಿಬಿದ್ದಾಗಿನಿಂದ, ಇಷ್ಟು ಸಂಭಾವಿತ ಮೇಷ್ಟರ ತಲೆಯಲ್ಲಿ ಏನಿತ್ತು ಎಂದೇ ನಮ್ಮ ಟಿವಿಯವರ ತಲೆಬಿಸಿ. ಮೇಷ್ಟರೆಂದರೆ ಸಂಭಾವಿತ, ಸರ್ಕಾರಿ ಕೆಲಸವೆಂದರೆ ಒಳ್ಳೆಯ ಸಂಬಂಧ ಎಂದು ಆ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟವರು ಯಾರು? ವರದಕ್ಷಿಣೆ ಕೇಳದ ಗಂಡು ಬಂದನೆಂದು ಮನೆಬಿಟ್ಟು ಹೊರಟವರು ಅವರು. ಲಾಡ್ಜಿನಲ್ಲಿ ರಾತ್ರಿ ಕಳೆದ ಮಾರನೆಯ ಬೆಳಿಗ್ಗೆ, ಗರ್ಭ ನಿಲ್ಲದಿರಲು ಎಂದು ಅವನು ಕೊಟ್ಟ ಸಯನೈಡ್ ಮಾತ್ರೆ ಹಿಡಿದು ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋದರು. ಪೊಲೀಸರು ಒಳಗಿನಿಂದ ಚಿಲಕ ಹಾಕಿದ್ದನ್ನು ನೋಡಿ ಎಷ್ಟೋ ಸಾವುಗಳನ್ನು ಅಸಹಜ ಸಾವು ಎಂದು ಬರೆದು ಫೈಲು ಮುಚ್ಚಿದರು. ಅವನ ಬಾಲ್ಯದ ಕಥೆ ಇಲ್ಲಿಯ ಯಾವ ಗಂಟನ್ನು ಬಿಚ್ಚುತ್ತದೆ? ನನಗೆ ಓದಬೇಕೆನಿಸುವ ಪುಸ್ತಕ ಲಾಡ್ಜಿನ ಕೋಣೆಯಿಂದ ಶುರುವಾಗಬೇಕು: ಮೈಮೇಲಿನ ಚಿನ್ನ ಬಿಚ್ಚಿಟ್ಟು ಬಾ ಎಂದು ಅವನು ಹೇಳಿದಾಗ, ಅವಳು ಸರ ಬಿಚ್ಚಿ ಟೇಬಲ್ಲಿನ ಮೇಲಿಡುವ ಆ ಗಳಿಗೆಯಿಂದ.