ಕೌದಿಯ ಎಳೆಗಳು

ಸಾಲ, ಕೈಕೊಟ್ಟ ಮಳೆ, ಮಗಳ ಮದುವೆಯ ಚಿಂತೆ ಒಟ್ಟಿಗೇ ಮುತ್ತಿದ ವರ್ಷ ನಾನು ಕಣಗಲಾ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅತ್ತೆಯಿಂದ ಕೌದಿ ಹೊಲಿಯಲು ಕಲಿತೆ. ಹಳೆ ಸೀರೆ, ಧೋತರ ಒಗೆದು, ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಎಳೆ ಹಾಕುತ್ತ ಬರಬೇಕು. ಮೊದಲ ಸಾಲು ಸೊಟ್ಟಾಯಿತು. "ಬಿಚ್ಚಬ್ಯಾಡವಾ, ಮುಂದಿನ ಸಾಲು ನೆಟ್ಟಗ ಹಾಕು" ಅಂದರು ಅತ್ತೆ. ತೀರಿಹೋದ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗನ್ನು ನಟ್ಟನಡುವೆ ಇಟ್ಟೆ. ಕತ್ತಲಲ್ಲಿ ಕೈಯಾಡಿಸಿದರೂ ಅದರ ನುಣುಪು ಬೆರಳಿಗೆ ಗೊತ್ತಾಗುತ್ತದೆ. ಎಳೆ ಎಣಿಸುವಾಗ ಸಾಲದ ಲೆಕ್ಕ ಮರೆಯುತ್ತಿತ್ತು. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಇಂಥವೇ ಕೌದಿಗಳು ಹೊರದೇಶದ ಪ್ರದರ್ಶನಗಳನ್ನೂ ಕಂಡಿವೆ. ನಮ್ಮವು ಇನ್ನೂ ಹಾಸಿಗೆಯಲ್ಲೇ ಇವೆ. ಹಳೆ ಸೀರೆ ಕೊಟ್ಟು ಪಾತ್ರೆ ಕೊಳ್ಳುವ ಮುನ್ನ, ಮನೆಯ ಹಿರಿಯರನ್ನು ಕೂಡಿಸಿಕೊಂಡು ಒಂದು ಕೌದಿ ಹೊಲಿಯಿರಿ.