ಒರಲೆ ತಿನ್ನದ ಸೌದೆ

ಮೇ ತಿಂಗಳ ಕೊನೆಯಲ್ಲಿ ಮಲೆನಾಡಿನ ಮನೆಗೆ ಹೋದವರು ಯಜಮಾನರ ಅಚ್ಚುಕಟ್ಟು ಅಳೆಯಲು ಜಗುಲಿ ನೋಡಬೇಕಿಲ್ಲ, ಹಿತ್ತಿಲ ಸೌದೆ ಕೊಟ್ಟಿಗೆ ನೋಡಿದರೆ ಸಾಕು. ಬಚ್ಚಲ ಹಂಡೆಗೆ, ಮಳೆ ಕಳೆದ ಮೇಲೆ ಅಡಿಕೆ ಬೇಯಿಸುವ ಒಲೆಗೆ ಬೇಕಾದ್ದೆಲ್ಲ ಅಲ್ಲಿರುತ್ತದೆ. ಪೇರಿಸಿದ ರೀತಿಯೇ ಹೇಳುತ್ತದೆ, ಶ್ರಾವಣಕ್ಕೆ ಅದು ಸೌದೆಯಾಗಿ ಉಳಿದೀತೋ, ಒರಲೆ ಮಣ್ಣಾದೀತೋ ಎಂದು.

ಒರಲೆ ಎಂದರೂ ಗೆದ್ದಲು ಎಂದರೂ ಒಂದೇ. ನೋಡಲು ಬಿಳಿ ಇರುವೆಯಂತಿದ್ದರೂ ಕುಲ ಜಿರಳೆಯದು. ಸೌದೆಗೆ ಬೀಳುವ ಒರಲೆಯ ಗೂಡು ಸಾಮಾನ್ಯವಾಗಿ ಸೌದೆಯೊಳಗಿರುವುದಿಲ್ಲ, ನೆಲದಡಿ ಇರುತ್ತದೆ. ಮೈ ಮೆತ್ತಗೆ, ತೊಗಲು ತೆಳು. ಬಿಸಿಲು ಗಾಳಿ ತಾಗಿದರೆ ಒಣಗಿ ಸಾಯುತ್ತದೆ. ಅದಕ್ಕೇ ಹೋದಲ್ಲೆಲ್ಲ ಮಣ್ಣಿನ ಸುರಂಗ. ಈ ದೌರ್ಬಲ್ಯ ಹಿಡಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಜನ ಹಿಡಿಯುವುದು ಮಾತ್ರ ಬಾಟಲಿಯನ್ನು. ಕ್ಲೋರ್‌ಪೈರಿಫಾಸ್‌ನಂಥ ವಿಷ ಇರುವುದು ಮನೆಯ ತಳಪಾಯದ ಮಣ್ಣಿಗೆ, ಉರಿಸುವ ಕಟ್ಟಿಗೆಗಲ್ಲ. ಸೌದೆಗೆ ಹೊಡೆದದ್ದು ಹೊಗೆಯಾಗಿ ಬಚ್ಚಲೊಳಗೇ ಸುತ್ತುತ್ತದೆ. ಇಷ್ಟಾಗಿ ಸತ್ತದ್ದು ಮೇಯಲು ಬಂದ ಆಳುಗಳು. ರಾಣಿ ಹುತ್ತದಲ್ಲಿ ಮೊಟ್ಟೆಯಿಡುತ್ತ ಕೂತೇ ಇರುತ್ತಾಳೆ.

ಬಲ್ಲವರು ಎರಡು ಸಾಲು ಜಂಬಿಟ್ಟಿಗೆ ಕಲ್ಲು ಇಟ್ಟು, ಮೇಲೆ ಹಳೇ ಕಬ್ಬಿಣದ ಪೈಪು ಅಡ್ಡ ಹಾಕಿ ಸೌದೆ ಒಟ್ಟುತ್ತಾರೆ. ಪೈಪಿನ ಬದಲು ಅಡಿಕೆ ದಬ್ಬೆ ಹಾಸುವುದೆಂದರೆ ಒರಲೆಗೆ ಬಾಳೆಲೆ ಹಾಕಿದಂತೆ. ಕಸಬರಿಕೆ ಆಡುವಷ್ಟು ಎತ್ತರ, ಗೋಡೆಯಿಂದ ಒಂದು ಗೇಣು ದೂರ. ಲಾಭವೆಂದರೆ ಒರಲೆ ಕದ್ದು ಬರಲಾಗದು: ಕಲ್ಲಿನ ಮೇಲೆ ಕೆಂಪು ಗೆರೆಯಂಥ ಸುರಂಗ ಕಣ್ಣಿಗೆ ಬೀಳುತ್ತದೆ, ಕೋಲಿನಿಂದ ಕೆರೆದರಾಯಿತು. ಮತ್ತೆ ಕಟ್ಟುತ್ತದೆ, ಮತ್ತೆ ಕೆರೆಯಬೇಕು. ವಾರಕ್ಕೊಮ್ಮೆ ಬಗ್ಗಿ ನೋಡದ ಸೋಮಾರಿತನವೇ ಹಲವರ ಸೌದೆ ತಿಂದಿದೆ. ಅಜ್ಜಿ ಚೆಲ್ಲುತ್ತಿದ್ದ ಬೂದಿಯೂ ಒಣಗಿರುವಷ್ಟು ದಿನ ತಡೆದೀತು. ಇರಚಲು ಬಡಿದು ಕೆಸರಾದರೆ ಅದೂ ದಾರಿಯೇ.

ಆಗಲೇ ಹಿಡಿದಿದ್ದರೆ? ಬಿಸಿಲಿಗೆಳೆದು ಒಂದೊಂದೇ ಕುಂಟೆಯನ್ನು ಕಲ್ಲಿಗೆ ಬಡಿಯುವುದು. ಉದುರಿದ್ದನ್ನು ಹೆಕ್ಕಲು ಕೋಳಿಗಳು ಕರೆಯದೆ ಬರುತ್ತವೆ. ಮಣ್ಣಿನ ಬದಲು ನುಣ್ಣನೆ ಹುಡಿ ಉದುರಿತೋ, ಅದು ಒರಲೆಯಲ್ಲ, ಕುಟ್ಟೆ ಹುಳ. ಅದು ಮರದೊಳಗೇ ಇರುವುದರಿಂದ ಕಲ್ಲಿನ ಸಾಲು ಕೆಲಸಕ್ಕೆ ಬಾರದು. ಅಂಥದ್ದು ಮೊದಲು ಒಲೆಗೆ.

ಒರಲೆಗೂ ಒಂದು ನ್ಯಾಯ ಸಲ್ಲಬೇಕು. ಹುತ್ತ ಕಟ್ಟುವ ಒರಲೆ ಜಗಿದ ಕಟ್ಟಿಗೆಯ ಮೇಲೆ ಗೂಡಿನಲ್ಲೇ ಬೂಸ್ಟು ಬೆಳೆಸಿ ಉಣ್ಣುತ್ತದೆ. ಮಳೆ ಹಿಡಿದಾಗ ಹುತ್ತದ ಸುತ್ತ ಏಳುವ ಅಣಬೆ ಆ ಬೇಸಾಯದ್ದೇ. ಹೋದ ವರ್ಷದ ಸೌದೆಯ ಒಂದು ಪಾಲು ಹೀಗೆ ಸಾರಾಗಿ ಒಳಗೆ ಬರುವುದುಂಟು.

ಹಳೇ ರಾಶಿಯ ಮೇಲೇ ಹೊಸದನ್ನು ಪೇರಿಸುವ ಮನೆಯಲ್ಲಿ ತಳದ ಸಾಲು ವರ್ಷಗಟ್ಟಲೆ ಬೆಂಕಿ ಕಾಣುವುದಿಲ್ಲ. ಈ ಬೇಸಿಗೆ ಹೊಸ ಸೌದೆ ಒಳಹಾಕುವ ಮೊದಲು ಹಳೆಯದನ್ನೆಲ್ಲ ಹೊರಗೆಳೆದು ಒಮ್ಮೆ ನೆಲ ಗುಡಿಸಿ.